ಕೆರೆಗೆ ಬಿಡದ ನೀರು: ಬಯಲುಸೀಮೆಯ ಒಂದು ಪ್ರಕರಣ ಅಧ್ಯಯನ

ಚಿತ್ರದುರ್ಗ ಜಿಲ್ಲೆಯ ಪೂರ್ವ ಭಾಗದಲ್ಲಿ ಒಂದು ಸಣ್ಣ ಪಟ್ಟಣ. ಅದರ ಕೆಳಗೆ, ಹಳ್ಳದ ಗುಂಟ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಒಂದು ಹಳ್ಳಿ. ಪಟ್ಟಣದ ಸಂಸ್ಕರಿಸಿದ ಕೊಳಚೆ ನೀರನ್ನು ಹಳ್ಳಿಯ ಕೆರೆಗೆ ತುಂಬಿಸಿ ಅಂತರ್ಜಲ ಹೆಚ್ಚಿಸಬೇಕು ಎಂದು ಹೊರಟ ಯೋಜನೆಯೊಂದು ಕೊನೆಗೆ ಕೆರೆಗೆ ಒಂದು ಹನಿಯನ್ನೂ ಬಿಡದೆ ಬಾವಿಗಳಿಗೆ ನೀರು ತಂದಿತು. ಅದು ಹೇಗಾಯಿತು, ನಡುವೆ ಯಾರು ಯಾವ ಕಾರಣಕ್ಕೆ ಏನನ್ನು ಬದಲಿಸಿದರು ಎಂಬುದು ಇಲ್ಲಿನ ವಿಷಯ. ಗುರುತು ಸಿಗದಿರಲೆಂದು ಸ್ಥಳದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನು ದುಂಡಗಾಗಿಸಿದ್ದೇನೆ. ಅಂತರ್ಜಲದ ಲೆಕ್ಕ ನೋಡಿಕೊಡಲು ಅಲ್ಲಿಗೆ ಹೋದವನು ನಾನು.

ಹಿನ್ನೆಲೆ

ಈ ಭಾಗದಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ. ಅದೂ ಬಂದ ವರ್ಷ ಬಂತು, ಇಲ್ಲದ ವರ್ಷ ಇಲ್ಲ. ನೆಲದಡಿ ಇರುವುದು ಗಟ್ಟಿ ಶಿಲೆ. ಮೇಲೆ ಹತ್ತಿಪ್ಪತ್ತು ಮೀಟರ್ ಶಿಥಿಲಗೊಂಡ ಪದರ, ಅದರ ಕೆಳಗೆ ಅಲ್ಲೊಂದು ಇಲ್ಲೊಂದು ಬಿರುಕು. ನೀರು ನಿಲ್ಲುವುದೂ ಹರಿಯುವುದೂ ಅಷ್ಟರಲ್ಲೇ. ಶೇಂಗಾ ಮತ್ತು ಈರುಳ್ಳಿ ಬೆಳೆಯುತ್ತಿದ್ದ ಹೊಲಗಳಿಗೆ ದಾಳಿಂಬೆ, ಅಡಿಕೆ ಬಂದ ಮೇಲೆ ಕೊಳವೆಬಾವಿಗಳು ಆಳಕ್ಕೆ ಇಳಿಯುತ್ತಲೇ ಹೋದವು. ಆಳ ಹೆಚ್ಚಿದಷ್ಟೂ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚಿತು. ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕವೊಂದಿತ್ತು. ಅದು ಕೆಟ್ಟ ದಿನ ಜನ ನಲ್ಲಿಯ ನೀರನ್ನೇ ಕುಡಿಯುತ್ತಿದ್ದರು.

ಪಟ್ಟಣದ ಕಥೆ ಬೇರೆ. ಅಲ್ಲಿಗೆ ದೂರದ ಜಲಾಶಯದಿಂದ ಕೊಳವೆ ಮಾರ್ಗದಲ್ಲಿ ನೀರು ಬರುತ್ತಿತ್ತು. ಇದು ಮುಖ್ಯ ವಿಷಯ. ಅದೇ ಜಾಗದ ಕೊಳವೆಬಾವಿಯ ನೀರನ್ನು ಬಳಸಿ, ಅದನ್ನೇ ತೊಳೆದು ಮತ್ತೆ ಅದೇ ನೆಲಕ್ಕೆ ಇಂಗಿಸಿದರೆ ಅಂತರ್ಜಲದ ಖಾತೆಗೆ ಹೊಸದಾಗಿ ಏನೂ ಜಮಾ ಆಗುವುದಿಲ್ಲ. ಹೊರಗಿನಿಂದ ಬಂದ ನೀರಿನ ಕೊಳಚೆಯಾದರೆ ಇಂಗಿದಷ್ಟೂ ಲಾಭ.

ಪಟ್ಟಣದಲ್ಲಿ ಒಳಚರಂಡಿ ಅರ್ಧ ಊರಿಗೆ ಮಾತ್ರ ಆಗಿತ್ತು. ಶುದ್ಧೀಕರಣ ಘಟಕ ಹಳೆಯ ಮಾದರಿಯದು: ಒಂದರ ನಂತರ ಒಂದು ಕೊಳ, ಬಿಸಿಲು ಮತ್ತು ಪಾಚಿಯೇ ಕೆಲಸಗಾರರು. ಯಂತ್ರ ಕಡಿಮೆ, ವಿದ್ಯುತ್ ಖರ್ಚು ಕಡಿಮೆ, ಜಾಗ ಹೆಚ್ಚು. ಸಣ್ಣ ಊರಿಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಇಲ್ಲವೆಂದೇ ನನ್ನ ಅಭಿಪ್ರಾಯ. ಕೊನೆಯ ಕೊಳದಿಂದ ಹೊರಬಂದ ನೀರು ಹಳ್ಳ ಸೇರುತ್ತಿತ್ತು.

ಹಳ್ಳಿಯ ಪಂಚಾಯಿತಿ ಸದಸ್ಯರು ಒಮ್ಮೆ ಕೋಲಾರಕ್ಕೆ ಹೋಗಿ ಬಂದರು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರಲ್ಲಿ ನೀರು ಹರಿಯಲು ಆರಂಭವಾಯಿತು. ಅದೇ ವರ್ಷ ಕೆರೆಯಲ್ಲಿ ನೊರೆ ಎದ್ದದ್ದು, ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋದದ್ದು, ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿನ ಹೋರಾಟಗಾರರು ಪಟ್ಟು ಹಿಡಿದದ್ದು ಎಲ್ಲವೂ ಪತ್ರಿಕೆಗಳಲ್ಲಿ ಬಂದಿದೆ. ನಮ್ಮ ಸದಸ್ಯರು ಕಂಡು ಬಂದದ್ದು ತುಂಬಿದ ಕೆರೆಗಳನ್ನು. ವರ್ಷಗಟ್ಟಲೆ ಜಾಲಿ ಬೆಳೆದ ಕೆರೆಯಂಗಳವನ್ನೇ ನೋಡಿಕೊಂಡು ಬಂದವರಿಗೆ ಬೇರೇನು ಕಣ್ಣಿಗೆ ಬೀಳಬೇಕು? ಊರಿಗೆ ಬಂದವರೇ ಠರಾವು ಮಾಡಿದರು: ನಮ್ಮ ಕೆರೆಗೂ ಆ ನೀರು ಬರಲಿ.

ಕಾಗದದ ಮೇಲಿನ ಕೆರೆ

ಮೊದಲ ತಿರುವು ಬಂದದ್ದು ಬರೀ ಗುಣಾಕಾರದಿಂದ.

ಪಟ್ಟಣದ ಜನಸಂಖ್ಯೆ ಸುಮಾರು 20,000. ತಲೆಗೆ ದಿನಕ್ಕೆ 100 ಲೀಟರ್ ನೀರು ಎಂದುಕೊಂಡರೆ ಅದರಲ್ಲಿ ಶೇಕಡ 80ರಷ್ಟು ಚರಂಡಿಗೆ ಹೋಗುತ್ತದೆ, ಅಂದರೆ 16 ಲಕ್ಷ ಲೀಟರ್. ಒಳಚರಂಡಿ ಅರ್ಧ ಊರಿಗೆ ಮಾತ್ರ ಇದ್ದುದರಿಂದ ಘಟಕ ತಲುಪುತ್ತಿದ್ದುದು ಸುಮಾರು 8 ಲಕ್ಷ ಲೀಟರ್. ಕೋಲಾರದ ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್, ಕೆರೆಗಳು 126. ಸರಾಸರಿ ಹಿಡಿದರೆ ಒಂದು ಕೆರೆಯ ಪಾಲಿಗೆ 35 ಲಕ್ಷ ಲೀಟರ್. ನಮ್ಮ ಇಡೀ ಪಟ್ಟಣದ ನೀರು ಅಲ್ಲಿನ ಒಂದು ಕೆರೆಯ ಪಾಲಿನ ಕಾಲು ಭಾಗವೂ ಆಗುವುದಿಲ್ಲ.

ಇನ್ನು ಕೆರೆಯ ಕಡೆಯಿಂದ ನೋಡೋಣ. ಅದರ ಹರವು ಸುಮಾರು ನೂರು ಎಕರೆ. ಈ ಬಿಸಿಲಿನಲ್ಲಿ ತೆರೆದ ನೀರಿನ ಮೈಯಿಂದ ವರ್ಷಕ್ಕೆ ಒಂದೂವರೆ ಮೀಟರ್ ಆವಿಯಾಗುತ್ತದೆ ಎಂದರೆ ಕಡಿಮೆಯ ಲೆಕ್ಕವೇ. ನೂರು ಎಕರೆಗೆ ಅದು 60 ಕೋಟಿ ಲೀಟರ್. ನಮ್ಮ ಕೈಯಲ್ಲಿ ವರ್ಷಕ್ಕೆ ಇದ್ದದ್ದು 29 ಕೋಟಿ. ನೀರು ಇಂಗದೆ ಬರೀ ನಿಂತರೂ ಕೆರೆ ಅರ್ಧ ಒದ್ದೆಯಾಗುತ್ತದೆಯೇ ಹೊರತು ತುಂಬುವುದಿಲ್ಲ. ಮೇಲಾಗಿ ಕೆರೆಯಂಗಳದಲ್ಲಿ ಮೊಣಕಾಲುದ್ದ ಜಿಗುಟು ಹೂಳು. ಕಬ್ಬಿಣದ ಉಂಗುರ ಹೂತು ನೀರು ತುಂಬಿ ನೋಡಿದರೆ ಇಡೀ ದಿನಕ್ಕೆ ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಅದೇ ಉಂಗುರವನ್ನು ಕೆರೆಗಿಂತ ಮೇಲೆ, ಹಳ್ಳದ ಪಕ್ಕದ ಮರಳು ಮಿಶ್ರಿತ ಗೋಮಾಳದಲ್ಲಿ ಹೂತಾಗ ದಿನಕ್ಕೆ ಸುಮಾರು ಒಂದು ಗೇಣು ಇಳಿಯಿತು.

ಒಂದು ಗೇಣು ಇಳಿಯುವ ನೆಲದಲ್ಲಿ ಬದು ಕಟ್ಟಿ ಇಂಗು ಪಾತಿ ಮಾಡಿದರೆ ದಿನದ 8 ಲಕ್ಷ ಲೀಟರ್ ಇಂಗಿಸಲು ಒಂದು ಎಕರೆ ಸಾಕು. ಸರದಿಯಲ್ಲಿ ಒಣಗಿಸಲು ಇನ್ನೆರಡು ಎಕರೆ ಹಿಡಿದರೂ ಮೂರೇ ಎಕರೆ. ಒಂದು ಎಕರೆ ಮಾತ್ರ ಒದ್ದೆಯಿರುವುದರಿಂದ ಆವಿಯಾಗುವುದು ಶೇಕಡ ಎರಡರ ಸುಮಾರು. ಲೆಕ್ಕ ಇಷ್ಟು ಸ್ಪಷ್ಟವಿದ್ದರೂ ಅದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ತುಂಬಿದ ಕೆರೆಯ ಫೋಟೊ ತೆಗೆಯಬಹುದು, ಬಾಗಿನ ಅರ್ಪಿಸಬಹುದು. ಮೂರು ಎಕರೆ ಪಾತಿಗೆ ಯಾವ ಶಾಸಕರು ಬಾಗಿನ ಕೊಡುತ್ತಾರೆ? ಸಭೆಯಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಇತ್ತು.

ವಾಟರ್‌ಮನ್ ಎತ್ತಿದ ಪ್ರಶ್ನೆ

ಕೆರೆಯ ಪಕ್ಷ ಮಣಿದದ್ದು ಲೆಕ್ಕದಿಂದಲ್ಲ, ಪಂಚಾಯಿತಿಯ ವಾಟರ್‌ಮನ್ ಕೇಳಿದ ಒಂದು ಪ್ರಶ್ನೆಯಿಂದ. ಯೋಜನೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದ್ದಾಗ ಅವರು ಬಗ್ಗಿ ನೋಡಿ, "ಸ್ವಾಮಿ, ಇದರಲ್ಲಿ ನಮ್ಮ ಟ್ಯಾಂಕಿನ ಬೋರ್ ಎಲ್ಲಿದೆ?" ಎಂದರು. ನಕ್ಷೆಯಲ್ಲಿ ರೈತರ ಕೊಳವೆಬಾವಿಗಳೆಲ್ಲ ಇದ್ದವು. ಊರಿಗೆ ಕುಡಿಯುವ ನೀರು ಕೊಡುವ ಎರಡು ಕೊಳವೆಬಾವಿಗಳು ಮಾತ್ರ ಇರಲಿಲ್ಲ. ಅವೆರಡೂ ಕೆರೆ ಏರಿಯ ಬುಡದಲ್ಲೇ ಇದ್ದವು. ಇದು ಈ ಭಾಗದ ಎಲ್ಲ ಊರುಗಳ ಕಥೆ: ನೀರು ಸಿಗುವುದೇ ಏರಿಯ ಕೆಳಗೆ, ಹಾಗಾಗಿ ಕುಡಿಯುವ ನೀರಿನ ಬೋರ್ ಕೊರೆಯುವುದೂ ಅಲ್ಲೇ. ಅಂದರೆ ಕೆರೆಗೆ ಯಾವ ನೀರು ಬಿಡುತ್ತೀರೋ ಅದನ್ನೇ ಊರು ಕುಡಿಯುತ್ತದೆ.

ಘಟಕದಿಂದ ಹೊರಬರುವ ನೀರು ನಿಯಮದ ಪ್ರಕಾರ ಸರಿಯಾಗಿದೆ ಎಂಬ ಪ್ರಮಾಣಪತ್ರ ಕಡತದಲ್ಲಿತ್ತು. ಅದು ಸುಳ್ಳೂ ಅಲ್ಲ. ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆ ಮಹಾನಗರಗಳಲ್ಲದ ಊರುಗಳ ಘಟಕಗಳಿಗೆ ಬಿಒಡಿಯನ್ನು, ಅಂದರೆ ನೀರಿನಲ್ಲಿ ಉಳಿದ ಕೊಳೆ ಕೊಳೆಯಲು ಬೇಕಾಗುವ ಆಮ್ಲಜನಕದ ಅಳತೆಯನ್ನು, ಲೀಟರಿಗೆ 30 ಮಿಲಿಗ್ರಾಂಗೆ ಮಿತಿಗೊಳಿಸಿತು. ಮಲಜನ್ಯ ಬ್ಯಾಕ್ಟೀರಿಯಾಗಳಿಗೂ ಮಿತಿ ಹಾಕಿತು. ಸಾರಜನಕಕ್ಕೆ ಅದರಲ್ಲಿ ಮಿತಿ ಇಲ್ಲ. ಕೊಳಚೆ ನೀರಿನ ಅಮೋನಿಯಾ ನೆಲದೊಳಗೆ ಗಾಳಿ ಸಿಕ್ಕಿದಾಗ ನೈಟ್ರೇಟ್ ಆಗುತ್ತದೆ. ಲೀಟರಿಗೆ 20 ಮಿಲಿಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ಆದರೆ ಸುಮಾರು 88 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಮಿತಿ 45. ಪುಡಿ ಹಾಲಿಗೆ ಆ ನೀರು ಬೆರೆಸಿ ಕುಡಿಸಿದರೆ ಹಸುಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಫ್ಲೋರೈಡ್ ತಗ್ಗಿಸಲು ಹೋಗಿ ನೈಟ್ರೇಟ್ ಕುಡಿಸಿದಂತಾಗುತ್ತಿತ್ತು.

ವಾಟರ್‌ಮನ್ ಜತೆ ಇನ್ನೊಂದು ದನಿಯೂ ಸೇರಿತು. ಕೆರೆಯಂಗಳದ ಗೋಕಟ್ಟೆಯಲ್ಲಿ ದೇವರ ಎತ್ತುಗಳು ನೀರು ಕುಡಿಯುತ್ತವೆ. ಅವುಗಳನ್ನು ಕಾಯುವ ಕಿಲಾರಿಗಳು ಪಟ್ಟಣದ ಕೊಳೆ ಅದಕ್ಕೆ ಸೇರಬಾರದು ಎಂದು ಖಡಾಖಂಡಿತವಾಗಿ ಹೇಳಿದರು. ಅಧಿಕಾರಿಯೊಬ್ಬರು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನೋಡಿದರು. ನೈಟ್ರೇಟಿನ ಲೆಕ್ಕವೂ ಕಿಲಾರಿಗಳೂ ಒಂದೇ ಮಾತು ಹೇಳುತ್ತಿರುವಾಗ ಯಾರ ನಂಬಿಕೆ ಮೂಢ ಎಂದು ಕೇಳಬೇಕಾಯಿತು. ಅಂದಿನ ಸಭೆಯಲ್ಲಿ ಎರಡು ನಿರ್ಧಾರಗಳಾದವು. ಕೆರೆಗೆ ನೀರು ಬಿಡುವುದಿಲ್ಲ. ಪಾತಿಗಳ ಕೆಲಸ ಶುರುವಾಗುವ ಮುನ್ನ ಊರಿನ ಕುಡಿಯುವ ನೀರಿನ ಮೂಲವನ್ನು ನೆಲದೊಳಗೆ ಗೋಡೆಯಂತೆ ನಿಂತ ಕಪ್ಪುಕಲ್ಲಿನ ಡೈಕಿನ ಆಚೆಗೆ, ಬೇರೆ ಇಳಿಜಾರಿಗೆ ಬದಲಿಸಬೇಕು. ಈ ಎರಡನೆಯದಕ್ಕೆ ಹಣ ಹೊಂದಿಸಲು ತಿಂಗಳುಗಳೇ ಹಿಡಿದವು. ಯೋಜನೆ ಸತ್ತೇಹೋಯಿತು ಎಂದು ಹಲವರು ಅಂದುಕೊಂಡರು.

ಬತ್ತಿದ ಬೋರಿಗೆ ಸುರಿದದ್ದು

ಆ ನಡುವೆ ಒಂದು ಅವಘಡವಾಯಿತು. ಬತ್ತಿದ ಕೊಳವೆಬಾವಿಗಳಿಗೆ ನೇರವಾಗಿ ನೀರು ಬಿಟ್ಟರೆ ಪಾತಿಯೂ ಬೇಡ, ಜಾಗವೂ ಬೇಡ ಎಂದು ಬೋರ್ ಕೊರೆಯುವವರೊಬ್ಬರು ಮೊದಲಿನಿಂದಲೂ ಹೇಳುತ್ತಿದ್ದರು. ಮಳೆ ನೀರಿಗೆ ಈ ವಿಧಾನ ನಮ್ಮಲ್ಲಿ ರೂಢಿಯಲ್ಲಿದೆ, ಚೆನ್ನಾಗಿ ಮಾಡಿದರೆ ಫಲವೂ ಇದೆ. ಕೊಳಚೆ ನೀರಿಗೆ ಇದು ಸಲ್ಲದು. ಸಂಸ್ಕರಿಸಿದ್ದಿರಲಿ ಸಂಸ್ಕರಿಸದೆ ಇದ್ದದ್ದಿರಲಿ, ತ್ಯಾಜ್ಯ ನೀರನ್ನು ಅಂತರ್ಜಲ ಪದರಕ್ಕೆ ನೇರವಾಗಿ ಇಳಿಸುವುದನ್ನು ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ ನಿಷೇಧಿಸಿದೆ. ಮಣ್ಣಿನ ಪದರದಲ್ಲಿ ನೀರು ನಿಧಾನವಾಗಿ ಇಳಿಯುವಾಗಲೇ ಅಲ್ಲವೇ ಉಳಿದ ಶುದ್ಧೀಕರಣ ಆಗುವುದು? ಬೋರಿಗೆ ಸುರಿದರೆ ಆ ಮಣ್ಣನ್ನೇ ದಾಟಿಸಿಬಿಟ್ಟಂತೆ.

ಆದರೂ ಒಬ್ಬ ಜಮೀನುದಾರರು ತಾಳಲಿಲ್ಲ. ಹಳ್ಳಕ್ಕೆ ಮೋಟಾರ್ ಇಟ್ಟು, ಜಲ್ಲಿ ತುಂಬಿದ ಒಂದು ಡ್ರಮ್ಮಿನ ಮೂಲಕ ತಮ್ಮ ಬತ್ತಿದ ಬೋರಿಗೆ ನೀರು ಬಿಟ್ಟರು. ಒಂದು ವಾರ ಕಳೆಯುವಷ್ಟರಲ್ಲಿ ಎರಡು ಹೊಲ ಆಚೆಗಿನವರು ನನ್ನನ್ನು ಕರೆದೊಯ್ದು ತಮ್ಮ ಮೋಟಾರ್ ಚಾಲೂ ಮಾಡಿದರು. ಪೈಪಿನ ಬಾಯಿಗೆ ಬಕೆಟ್ ಹಿಡಿದಾಗ ಸೋಪಿಲ್ಲದೆಯೇ ನೊರೆ ಎದ್ದಿತು. ನೊರೆ ಅಂಚಿಗೆ ಅಂಟಿಕೊಂಡು ಬಹಳ ಹೊತ್ತು ಇಳಿಯಲಿಲ್ಲ. ಬಗ್ಗಿದರೆ ಮೂಗಿಗೆ ಕೊಟ್ಟಿಗೆಯ ಗಂಜಳದ ಘಾಟು. ನಡುವಿನ ಹೊಲದ ಬೋರ್ ಅದೇ ಬಿರುಕಿನ ಮೇಲೆ ಇರಲಿಲ್ಲ, ಅದು ಮಾತ್ರ ಸ್ವಚ್ಛವಾಗಿತ್ತು.

ನೀರು ಬಿರುಕಿನಲ್ಲಿ ಎತ್ತ ಹೋಗುತ್ತದೆಂದು ತಿಳಿಯಲು ಬಣ್ಣದ ಪುಡಿ ಹಾಕಿ, ಹಣ ಖರ್ಚು ಮಾಡಿ ನಡೆಸಬೇಕಿದ್ದ ಪರೀಕ್ಷೆಯನ್ನು ಅವರು ಪುಕ್ಕಟೆಯಾಗಿ ಮಾಡಿಕೊಟ್ಟಂತಾಯಿತು. ಮರಳುಗಾಡಿನ ದೇಶಗಳ ಉದಾಹರಣೆಗಳನ್ನು ಇಲ್ಲಿಗೆ ಯಥಾವತ್ ತರಬಾರದು ಎಂಬುದಕ್ಕೂ ಇದೇ ಕಾರಣ. ಇಸ್ರೇಲಿನ ಟೆಲ್ ಅವೀವ್ ಬಳಿಯ ಶಫ್ದಾನ್ ಯೋಜನೆಯಲ್ಲಿ ಸಂಸ್ಕರಿಸಿದ ನೀರನ್ನು ಮರಳು ದಿಬ್ಬಗಳಲ್ಲಿ ಇಂಗಿಸುತ್ತಾರೆ. ಅದು ಮರಳಿನಲ್ಲಿ ತಿಂಗಳುಗಟ್ಟಲೆ ತೆವಳುತ್ತದೆ. ಸುತ್ತ ಉಂಗುರದಂತೆ ಕೊರೆದ ಬಾವಿಗಳಿಂದ ಅದನ್ನು ಮೇಲೆತ್ತಿ ನೆಗೆವ್ ಪ್ರದೇಶದ ಬೇಸಾಯಕ್ಕೆ ಕಳಿಸುತ್ತಾರೆ, ಕುಡಿಯುವ ನೀರಿನ ಬಾವಿಗಳತ್ತ ಅದು ಹೋಗದಂತೆ ನೋಡಿಕೊಳ್ಳುತ್ತಾರೆ. ನಮ್ಮ ಕಲ್ಲಿನಲ್ಲಿ ಬಿರುಕು ಸಿಕ್ಕಿದರೆ ನೀರಿಗೆ ತಿಂಗಳುಗಳು ಬೇಡ. ಬಿರುಕು ಯಾವ ಕಡೆ ಹೋಗಿದೆ ಎಂಬುದನ್ನು ಮೇಲಿನಿಂದ ನೋಡಿ ಹೇಳುವುದೂ ಸುಲಭವಲ್ಲ.

ಆ ಜಮೀನುದಾರರ ಮೇಲೆ ದೂರು ಕೊಡಬೇಕೆಂದು ಕೆಲವರು ಹೇಳಿದರು. ಪಂಚಾಯಿತಿ ಅವರನ್ನು ಕರೆಸಿ, ಬೋರಿನ ಬಾಯಿ ಮುಚ್ಚಿಸಿ, ಪಕ್ಕದವರ ಹೊಲಕ್ಕೆ ಒಂದು ಬೆಳೆಯ ಮಟ್ಟಿಗೆ ಟ್ಯಾಂಕರ್ ನೀರು ಕೊಡಿಸಿ ಮುಗಿಸಿತು. ಅದು ಸರಿಯಾದ ದಾರಿ ಎಂದೇ ನನಗೆ ಅನ್ನಿಸಿತು. ಅವರೇ ಆಮೇಲೆ ಪಾತಿಗಳ ದೊಡ್ಡ ಬೆಂಬಲಿಗರಾದರು.

ಯಾರದೋ ನೀರು

ಪಾತಿಗಳಿಗೆ ನೀರನ್ನು ಮೊದಲು ಹಳ್ಳದಿಂದಲೇ ಎತ್ತುವುದೆಂದು ಇತ್ತು. ಹಳ್ಳದ ಗುಂಟ ನಡೆದು ನೋಡಿದಾಗ ಒಳಚರಂಡಿ ಇಲ್ಲದ ಎರಡು ವಾರ್ಡುಗಳ ಹಸಿ ಕೊಳಚೆ ಘಟಕದ ಕೆಳಗೆ ಹಳ್ಳಕ್ಕೆ ಸೇರುತ್ತಿತ್ತು. ವಿದ್ಯುತ್ ಹೋದಾಗ ವೆಟ್‌ವೆಲ್, ಅಂದರೆ ಕೊಳಚೆಯನ್ನು ಪಂಪ್ ಮಾಡುವ ಮುನ್ನ ಕೂಡಿಸುವ ಬಾವಿ, ತುಂಬಿ ಉಕ್ಕಿದ್ದೂ ಅಲ್ಲಿಗೇ. ತೊಳೆದ ನೀರಿಗೆ ಮತ್ತೆ ಕೊಳೆ ಬೆರೆಸಿ ತರುವುದರಲ್ಲಿ ಅರ್ಥವಿರಲಿಲ್ಲ. ಕೊನೆಯ ಕೊಳದ ತೂಬಿನಿಂದಲೇ ಪೈಪ್ ಹಾಕುವುದೆಂದು ತೀರ್ಮಾನವಾಯಿತು. ಖರ್ಚು ಹೆಚ್ಚಾಯಿತು, ಆದರೆ ಇಳಿಜಾರಿದ್ದುದರಿಂದ ಪಂಪ್ ಬೇಕಾಗಲಿಲ್ಲ.

ಪೈಪ್ ಹಾಕಲು ಹೋದ ದಿನ ಕೆಲಸ ನಿಂತಿತು. ಪಟ್ಟಣ ಮತ್ತು ಹಳ್ಳಿಯ ನಡುವೆ ಹಳ್ಳದ ಎರಡೂ ದಂಡೆಗಳಲ್ಲಿ ಸಣ್ಣ ಹಿಡುವಳಿದಾರರು ವರ್ಷಗಳಿಂದ ಡೀಸೆಲ್ ಪಂಪಿಟ್ಟು ಇದೇ ನೀರಿನಲ್ಲಿ ಸೇವಂತಿಗೆ, ಕನಕಾಂಬರ, ನೇಪಿಯರ್ ಹುಲ್ಲು, ಕೊತ್ತಂಬರಿ ಬೆಳೆಯುತ್ತಿದ್ದರು. ಯಾವ ದಾಖಲೆಯಲ್ಲೂ ಅವರಿರಲಿಲ್ಲ. ಯೋಜನೆಯ ಕಡತದಲ್ಲಿ ಈ ನೀರನ್ನು "ವ್ಯರ್ಥವಾಗಿ ಹರಿಯುತ್ತಿರುವ ನೀರು" ಎಂದು ಬರೆಯಲಾಗಿತ್ತು. ಹೂವಿನ ಬೆಳೆಗಾರ ಮಹಿಳೆಯೊಬ್ಬರು ಪೈಪಿನ ಕಂದಕದಲ್ಲಿ ಕುಳಿತು, "ವ್ಯರ್ಥ ಎಂದವರು ದಸರೆಗೆ ಹೂವು ಎಲ್ಲಿಂದ ತರುತ್ತೀರಿ?" ಎಂದು ಕೇಳಿದ್ದು ಊರೆಲ್ಲ ಸುದ್ದಿಯಾಯಿತು.

ಈ ಜಗಳ ಪರಿಹಾರವಾಗಲು ಹಿಡಿದಷ್ಟು ಕಾಲ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಪರಿಹಾರ ಸರಳವಾಗಿತ್ತು. ಮೂರರಲ್ಲಿ ಒಂದು ಪಾಲು ನೀರು ಹೂವು ಮತ್ತು ಮೇವಿಗೆ, ಎರಡು ಪಾಲು ಪಾತಿಗೆ. ಮಳೆ ಬಂದ ದಿನಗಳಲ್ಲಿ ಪಾತಿಯ ತೂಬು ಮುಚ್ಚಿ ಎಲ್ಲವನ್ನೂ ಹಳ್ಳಕ್ಕೆ ಬಿಡುವುದು. ಕೊತ್ತಂಬರಿಯಂತಹ ಹಸಿಯಾಗಿ ತಿನ್ನುವ ಸೊಪ್ಪನ್ನು ಈ ನೀರಿನಲ್ಲಿ ಬೆಳೆಯಬಾರದು ಎಂಬ ಷರತ್ತೂ ಸೇರಿತು. ಅದು ಅರ್ಧ ಮಾತ್ರ ಪಾಲನೆಯಾಗುತ್ತಿದೆ. ಸೊಪ್ಪು ವಾರದ ಕೈಖರ್ಚಿನ ಬೆಳೆ, ಅದನ್ನು ಬಿಡಿ ಎನ್ನುವುದು ನಮಗೆ ಸುಲಭ.

ಪಾತಿಗಳು

ಕೊಳದ ನೀರಿನ ತುಂಬ ಪಾಚಿ. ಮೊದಲ ಪಾತಿಯಲ್ಲಿ ದಿನಕ್ಕೆ ಗೇಣು ಇಳಿಯುತ್ತಿದ್ದ ನೀರು ಎರಡನೆಯ ವಾರಕ್ಕೆ ನಿಂತೇಬಿಟ್ಟಿತು. ನೆಲದ ಮೇಲೆ ಹಸಿರು ಲೋಳೆಯ ಪದರ ಕಟ್ಟಿತ್ತು. ನೀರು ನಿಲ್ಲಿಸಿ ಬಿಸಿಲಿಗೆ ಬಿಟ್ಟಾಗ ಅದು ಹಪ್ಪಳದಂತೆ ಸುರುಳಿ ಎದ್ದು, ಪೊರಕೆಯಲ್ಲೇ ಗುಡಿಸುವಂತಾಯಿತು. ಅಲ್ಲಿಂದ ನಿಯಮ ಬದಲಾಯಿತು: ಒಂದು ಪಾತಿಗೆ ಎರಡು ದಿನ ನೀರು, ನಾಲ್ಕು ದಿನ ಒಣಗು. ಪಾತಿಗಳ ಮುಂದೆ ಜಲ್ಲಿ ತುಂಬಿ ಜೊಂಡು ನೆಟ್ಟ ಒಂದು ಕಾಲುವೆ ಮಾಡಿದ ಮೇಲೆ ಪಾಚಿಯ ಹಾವಳಿ ತಗ್ಗಿತು.

ಈ ಒದ್ದೆ–ಒಣ ಸರದಿಯಿಂದ ಇನ್ನೊಂದು ಉಪಕಾರವಿದೆ. ಒಣಗಿದಾಗ ಮಣ್ಣಿಗೆ ಗಾಳಿ ಹೊಕ್ಕು ಅಮೋನಿಯಾ ನೈಟ್ರೇಟ್ ಆಗುತ್ತದೆ. ಮತ್ತೆ ನೀರು ನಿಂತು ಗಾಳಿ ಇಲ್ಲವಾದಾಗ ಅದೇ ನೈಟ್ರೇಟಿನ ಒಂದು ಭಾಗವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕ ಅನಿಲವಾಗಿಸಿ ಆಕಾಶಕ್ಕೆ ಬಿಡುತ್ತವೆ. ಪೂರ್ತಿ ಅಲ್ಲ, ಒಂದು ಭಾಗ. ಪಾತಿಗೆ ಅತಿ ಹತ್ತಿರದ ತೋಟದ ಬೋರಿನಲ್ಲಿ ನೈಟ್ರೇಟ್ 45ರ ಮಿತಿಯನ್ನು ದಾಟಿಯೇ ದಾಟಿತು. ದೂರ ಹೋದಂತೆ ಕಡಿಮೆಯಾಯಿತು. ಡೈಕಿನ ಆಚೆಯ ಕುಡಿಯುವ ನೀರಿನ ಬೋರಿನಲ್ಲಿ ಬದಲಾವಣೆ ಕಾಣಲಿಲ್ಲ. ಮೂಲವನ್ನು ಮೊದಲೇ ಬದಲಿಸಿದ್ದರಿಂದ ಹತ್ತಿರದ ಬೋರಿನ ಫಲಿತಾಂಶ ಗಾಬರಿಯ ಸುದ್ದಿಯಾಗದೆ ಗೊಬ್ಬರದ ಲೆಕ್ಕವಾಯಿತು: ಆ ತೋಟದವರು ಯೂರಿಯಾ ಹಾಕುವುದನ್ನು ಕಡಿಮೆ ಮಾಡಿದರು.

ನೀರಿನ ಮಟ್ಟ ಏರಿತು. ಶಿವರಾತ್ರಿಯ ಹೊತ್ತಿಗೆ ಬತ್ತುತ್ತಿದ್ದ ತೆರೆದ ಬಾವಿಗಳಲ್ಲಿ ಯುಗಾದಿ ಕಳೆದ ಮೇಲೂ ನೀರಿತ್ತು. ಇದು ಪಾತಿಯ ಫಲವೋ, ಆ ವರ್ಷ ಸುರಿದ ಒಳ್ಳೆಯ ಮಳೆಯ ಫಲವೋ ಎಂಬ ಪ್ರಶ್ನೆ ಏಳುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ, ಇದೇ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಮಳೆ ಇಷ್ಟು ಏರುಪೇರಾಗುವ ಜಿಲ್ಲೆಯಲ್ಲಿ ಒಂದು ವರ್ಷದ ಮಟ್ಟ ತೋರಿಸಿ ಯಾವ ಯೋಜನೆಯನ್ನಾದರೂ ಹೊಗಳಬಹುದು. ಅದಕ್ಕಾಗಿಯೇ ಪಕ್ಕದ ಕಣಿವೆಯ, ಇದೇ ಮಳೆ ಬಿದ್ದ, ಆದರೆ ಪಾತಿಯಿಲ್ಲದ ಬಾವಿಗಳನ್ನೂ ಅಳೆಯುತ್ತಿದ್ದೆವು. ಅವು ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಎಂದಿನಂತೆ ಇಳಿದವು. ನಮ್ಮವು ಬೇಸಿಗೆಯಲ್ಲಿ ನಿಧಾನವಾಗಿ ಇಳಿದವು. ಆ ವ್ಯತ್ಯಾಸವೇ ಪಾತಿಯ ಪಾಲು.

ಉಳಿದದ್ದು

ನೀರು ಕಂಡ ಮೇಲೆ ಹೊಸ ಬೋರ್‌ಗಳು ಬಂದವು. ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯುವ ಮುನ್ನ ಅನುಮತಿ ಪಡೆಯಬೇಕೆಂದು ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಹೇಳುತ್ತದೆ. ಬೋರ್ ಲಾರಿ ಬರುವುದು ರಾತ್ರಿ. ಪಾತಿಯ ಕೆಳಗಿನ ಒಂದು ಹೊಲದಲ್ಲಿ ಈಗ ಅಡಿಕೆ ಸಸಿ ನೆಟ್ಟಿದ್ದಾರೆ. ಇಂಗಿದ ನೀರಿನಲ್ಲಿ ಎಷ್ಟು ಪಾಲನ್ನು ಆ ತೋಟ ಎತ್ತುತ್ತದೆ ಎಂದು ಲೆಕ್ಕ ಹಾಕಿ ಗ್ರಾಮಸಭೆಯ ಮುಂದಿಟ್ಟೆ. ಎಲ್ಲರೂ ಕೇಳಿಸಿಕೊಂಡರು, ಯಾರೂ ಏನೂ ಹೇಳಲಿಲ್ಲ, ಏಕೆಂದರೆ ಕೇಳಿಸಿಕೊಂಡವರಲ್ಲಿ ಅರ್ಧ ಜನ ತಾವೂ ಅಡಿಕೆ ಇಡುವ ಯೋಚನೆಯಲ್ಲಿದ್ದರು.

ಇಂಥದ್ದೇ ಕೆಲಸಕ್ಕೆ ಕೈ ಹಾಕುವ ಬೇರೆ ಊರಿನವರು ನನ್ನನ್ನು ಕೇಳಿದರೆ ಪೈಪಿನ ಗಾತ್ರ, ಪಾತಿಯ ಅಳತೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ವಾಟರ್‌ಮನ್ ಒಬ್ಬರನ್ನು ಜತೆಗೆ ಕರೆದುಕೊಂಡು ಕುಡಿಯುವ ನೀರಿನ ಬೋರ್‌ಗಳನ್ನು ನಕ್ಷೆಯ ಮೇಲೆ ಗುರುತಿಸಿ ಎನ್ನುತ್ತೇನೆ. ಆಮೇಲೆ ಘಟಕದ ತೂಬಿನಿಂದ ಹಳ್ಳದ ಗುಂಟ ಕೊನೆಯವರೆಗೆ ನಡೆದು, ಆ ನೀರಿಗೆ ಈಗಾಗಲೇ ಯಾರು ಪಂಪ್ ಇಟ್ಟಿದ್ದಾರೆ ನೋಡಿ. ಹೊಸ ಬೋರ್‌ಗಳ ಬಗ್ಗೆ ಏನೇ ಒಪ್ಪಂದ ಆಗುವುದಿದ್ದರೂ ಅದು ನೀರು ಬರುವುದಕ್ಕೆ ಮುಂಚೆ ಆಗಬೇಕು. ಬಂದ ಮೇಲೆ ಯಾರೂ ಸಹಿ ಹಾಕುವುದಿಲ್ಲ.

ಪಾತಿ ಗುಡಿಸುವ ಕೆಲಸ ಸದ್ಯ ಇಬ್ಬರು ಹೂವಿನ ಬೆಳೆಗಾರರ ಪಾಲಿಗೆ ಬಂದಿದೆ. ಒಣಗಿದ ಪಾಚಿಯನ್ನು ಅವರೇ ಗೊಬ್ಬರಕ್ಕೆ ಒಯ್ಯುತ್ತಾರೆ, ಜತೆಗೆ ಪಂಚಾಯಿತಿ ತಿಂಗಳಿಗೆ ಒಂದಿಷ್ಟು ಕೂಲಿ ಕೊಡುತ್ತದೆ. ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮೊದಲು ಮತ್ತು ನಂತರ, ನೈಟ್ರೇಟ್ ಪರೀಕ್ಷೆಯ ಖರ್ಚನ್ನು ಪಟ್ಟಣದವರು ಕೊಡಬೇಕೋ ಹಳ್ಳಿಯವರು ಕೊಡಬೇಕೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಕೊಳೆ ನಿಮ್ಮದು ಎಂದು ಇವರು, ನೀರು ನಿಮಗೆ ಎಂದು ಅವರು.